ಲೆಕ್ಕಕ್ಕೆ ಸೇರದ ಆಟಗಳು

ಸಂಸಾರ ಮಾಡುವವರಿಗೆಲ್ಲ ತಿಳಿದಿರುವ ಸಂಗತಿಯೊಂದುಂಟು. ಮನೆಯ ಲೆಕ್ಕದ ಪುಸ್ತಕದಲ್ಲಿ ಅಕ್ಕಿ, ಬೇಳೆ, ಹಾಲು, ಮಕ್ಕಳ ಶಾಲೆಯ ಫೀಜು ಇವೆಲ್ಲ ತಾರೀಖಿನೊಡನೆ ದಾಖಲಾಗುತ್ತವೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ನಂಟರು ಬಂದಿಳಿದಾಗ ನೆರೆಮನೆಯಾಕೆ ಸೆರಗಿನಲ್ಲಿ ಮರೆಮಾಡಿ ತಂದುಕೊಟ್ಟ ಒಂದು ಲೋಟ ಸಕ್ಕರೆ ಯಾವ ಪುಟದಲ್ಲಿಯೂ ಕಾಣುವುದಿಲ್ಲ. ಹಾಗೆಂದು ಆ ಸಕ್ಕರೆ ಬರಲೇ ಇಲ್ಲವೆನ್ನಲಾದೀತೆ? ಅಂದು ಮನೆಯ ಮಾನ ಉಳಿದುದು ಅದರಿಂದಲೇ ಅಲ್ಲವೆ? ಲೋಕದಲ್ಲಿ ನಡೆಯುವ ಕಾರ್ಯಗಳೂ ಹೀಗೆಯೇ ಎರಡು ಬಗೆ: ಲೆಕ್ಕಕ್ಕೆ ಸೇರಿದವು, ಸೇರದವು. ಈ ಎರಡನೆಯ ಬಗೆಯನ್ನು ಕುರಿತು, ಅದರಲ್ಲಿಯೂ ನಮ್ಮ ದೇಶದ ಕಾಲ್ಚೆಂಡಿನ ತಂಡದವರು ಆಡಿಯೂ ಲೆಕ್ಕಕ್ಕೆ ಸೇರದೆ ಉಳಿದ ಪಂದ್ಯಗಳನ್ನು ಕುರಿತು, ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ.

ಸಂಸ್ಕೃತದ ಮೇಷ್ಟರಿಗೂ ಕಾಲ್ಚೆಂಡಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಸಂಬಂಧ ಉಂಟು. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯರ ಸ್ಥಾನ ಬಹುಕಾಲ ಬರಿದಾಗಿತ್ತು. ಸಾಯಂಕಾಲ ಮಕ್ಕಳನ್ನು ಮೈದಾನದಲ್ಲಿ ನೋಡಿಕೊಳ್ಳುವ ಹೊರೆ, ಮನೆಗೆ ಬೇಗ ಹೋಗುವ ಅವಸರವಿಲ್ಲದ ನನ್ನ ಮೇಲೆ ಬಿದ್ದಿತು. ಬೆಳಗ್ಗೆ ರಾಮಶಬ್ದವನ್ನು ಒಪ್ಪಿಸಲಾರದೆ ತಲೆ ತಗ್ಗಿಸಿದ ಹುಡುಗನೇ ಸಂಜೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಐದಾರು ಜನರ ನಡುವೆ ನುಸುಳಿ ಹೋಗುವುದನ್ನು ಕಂಡಾಗ, ವಿದ್ಯೆಯೆಂಬುದಕ್ಕೆ ಬಾಗಿಲುಗಳು ಬಹಳ ಎಂಬುದು ನನಗೆ ಮನವರಿಕೆಯಾಯಿತು. ಅಂದಿನಿಂದ ಈ ಆಟದ ಚರಿತ್ರೆಯನ್ನು ಓದುವ ಚಟವೂ ನನಗೆ ಹತ್ತಿತು.

ಈ ಚರಿತ್ರೆಯಲ್ಲಿ ಪದೇ ಪದೇ ಬರುವ ಎರಡು ಮಾತುಗಳು ‘ಅಧಿಕೃತ’, ‘ಅನಧಿಕೃತ’ ಎಂಬವು. ಇಂದು ಅಧಿಕಾರವೆಂದರೆ ಕುರ್ಚಿ, ಮೊಹರು, ರುಜು ಇವು ನೆನಪಿಗೆ ಬರುತ್ತವೆ. ಶಾಸ್ತ್ರಗಳಲ್ಲಿ ಇದರ ಅರ್ಥ ಇನ್ನೂ ಸೂಕ್ಷ್ಮವಾದುದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಅಧಿಕಾರಸೂತ್ರಗಳೆಂಬ ಒಂದು ಜಾತಿಯ ಸೂತ್ರಗಳಿವೆ. ಅವು ತಾವಾಗಿ ಯಾವ ಕಾರ್ಯವನ್ನೂ ವಿಧಿಸುವುದಿಲ್ಲ. ಮುಂದೆ ಬರುವ ಸೂತ್ರಗಳಲ್ಲೆಲ್ಲ ಅನುವರ್ತಿಸಿ ಅವಕ್ಕೆ ವ್ಯಾಪ್ತಿಯನ್ನು ಕೊಡುತ್ತವೆ. ಮೀಮಾಂಸಕರಾದರೋ ಯಾಗ ಮಾಡಿ ಅದರ ಫಲವನ್ನು ಅನುಭವಿಸಲು ಯಾರು ತಕ್ಕವರೆಂಬ ವಿಚಾರಕ್ಕೆ ಅಧಿಕಾರವೆಂದು ಹೆಸರಿಟ್ಟರು. ಕಾಲ್ಚೆಂಡಿನ ಲೋಕದಲ್ಲಿ ಈ ಎರಡು ಕೆಲಸಗಳನ್ನೂ ಮಾಡುವುದು ಫೀಫಾ ಎಂಬ ಸಂಸ್ಥೆ. ೧೯೦೪ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಇದು ತಾನು ಚೆಂಡನ್ನು ಮುಟ್ಟುವುದಿಲ್ಲ. ಆದರೂ ಯಾವ ಆಟ ರಾಷ್ಟ್ರಗಳ ನಡುವಣ ಆಟ, ಯಾವುದು ಅಲ್ಲ ಎಂಬುದಕ್ಕೆ ಇದರ ಸೂತ್ರವೇ ಎಲ್ಲೆಡೆ ಅನುವರ್ತಿಸುತ್ತದೆ.

ಸೂತ್ರದ ತಿರುಳು ಸರಳವಾದುದು. ಎರಡು ದೇಶಗಳ ಸಂಸ್ಥೆಗಳೂ ಫೀಫಾದ ಸದಸ್ಯತ್ವವನ್ನು ಪಡೆದಿರಬೇಕು. ಎರಡೂ ತಮ್ಮ ಪ್ರಧಾನ ತಂಡವನ್ನೇ ಇಳಿಸಬೇಕು. ಒಂದು ದೇಶ ತನ್ನ ಎರಡನೆಯ ತಂಡವನ್ನೋ ಎಳೆಯರ ತಂಡವನ್ನೋ ಕಳುಹಿಸಿದರೆ, ಅಥವಾ ಎದುರಾಳಿ ಕೇವಲ ಒಂದು ಕ್ಲಬ್ಬಾದರೆ, ಆ ಆಟ ಎಷ್ಟೇ ಚೆನ್ನಾಗಿ ನಡೆದರೂ ಲೆಕ್ಕಕ್ಕಿಲ್ಲ. ಸ್ನೇಹದ ಪಂದ್ಯಗಳಲ್ಲಿ ಕೆಲವರು ತಂಡವನ್ನೆಲ್ಲ ಅರ್ಧದಲ್ಲಿ ಬದಲಾಯಿಸತೊಡಗಿದಾಗ, ೨೦೦೪ರಲ್ಲಿ ಬದಲಿ ಆಟಗಾರರ ಸಂಖ್ಯೆಯನ್ನು ಆರಕ್ಕೆ ಮಿತಗೊಳಿಸಿ, ಮೀರಿದರೆ ಪಂದ್ಯವನ್ನು ಲೆಕ್ಕದಿಂದ ಬಿಡುವುದೆಂದು ಕಟ್ಟಳೆ ಮಾಡಿದರು. ಇಂಥ ಕಟ್ಟಳೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ಹಾಜರಿ ಪುಸ್ತಕವಿಲ್ಲದೆ ಶಾಲೆ ನಡೆಯುವುದುಂಟೆ? ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಏರುವುದಕ್ಕೆ ಮೊದಲೇ ಕಿಟಕಿಯ ಹೊರಗೆ ನಿಂತು ಪಾಠ ಕಲಿತ ಮಕ್ಕಳೂ ಇರುತ್ತಾರೆ. ಭಾರತದ ಕಾಲ್ಚೆಂಡಿನ ಪೂರ್ವಚರಿತ್ರೆ ಅಂಥ ಮಗುವಿನದು.

ಈ ಆಟ ನಮ್ಮಲ್ಲಿಗೆ ಆಂಗ್ಲ ಸೈನಿಕರೊಡನೆ ಬಂದಿತು. ೧೮೮೮ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ಪು, ೧೮೯೩ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಮೊದಲಾದುವು. ೧೯೧೧ನೆಯ ಜುಲೈ ೨೯ರಂದು ಮೋಹನ್ ಬಾಗಾನ್ ತಂಡದವರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಷೀಲ್ಡನ್ನು ಗೆದ್ದರು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಿನವರು. ಅದು ಎರಡು ಕ್ಲಬ್ಬುಗಳ ನಡುವಣ ಪಂದ್ಯವೆಂದು ದಫ್ತರು ಹೇಳುತ್ತದೆ. ಆದರೆ ಅಂದು ಮೈದಾನದ ಸುತ್ತ ನೆರೆದಿದ್ದ ಜನಸ್ತೋಮಕ್ಕೆ ಅದು ಎರಡು ರಾಷ್ಟ್ರಗಳ ಪಂದ್ಯವಾಗಿತ್ತು. ಭಾರತಕ್ಕೆ ಆಗ ರಾಷ್ಟ್ರವೆಂಬ ಹೆಸರಿನಲ್ಲಿ ಆಡುವ ಅಧಿಕಾರವೇ ಇರಲಿಲ್ಲ; ಇದ್ದುದು ಆಡುವ ಕಾಲು ಮಾತ್ರ.

ಅನಂತರ ಪ್ರವಾಸಗಳು ಮೊದಲಾದುವು. ೧೯೩೩ರಲ್ಲಿ ಗೋಷ್ಠ ಪಾಲರ ನಾಯಕತ್ವದಲ್ಲಿ ಒಂದು ತಂಡ ಸಿಂಹಳಕ್ಕೆ ಹೋಗಿ ಗೆದ್ದು ಬಂದಿತು. ೧೯೩೪ರಲ್ಲಿ ಇನ್ನೊಂದು ತಂಡ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿತು. ೧೯೩೬ರಲ್ಲಿ ಬರ್ಲಿನ್ನಿನ ಒಲಿಂಪಿಕ್ಸಿಗೆ ಹೊರಟಿದ್ದ ಚೀನದ ತಂಡ ದಾರಿಯಲ್ಲಿ ನಮ್ಮಲ್ಲಿಳಿದು ಆಡಿತು. ೧೯೩೭ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಸ್ಥಾಪಿತವಾಯಿತಾದರೂ ಅದಕ್ಕೆ ಫೀಫಾದ ಸದಸ್ಯತ್ವ ದೊರೆತುದು ೧೯೪೮ರಲ್ಲಿ. ನಡುವಣ ಕಾಲದ ಆಟಗಳೆಲ್ಲ ನಮ್ಮ ದೃಷ್ಟಿಯಲ್ಲಿ ತ್ರಿಶಂಕುವಿನ ಸ್ವರ್ಗದಲ್ಲಿ ತೂಗುತ್ತಿವೆ.

ಇವುಗಳಲ್ಲಿ ನನಗೆ ಅತ್ಯಂತ ರಮ್ಯವಾಗಿ ಕಾಣುವುದು ೧೯೩೮ರ ಆಸ್ಟ್ರೇಲಿಯ ಪ್ರವಾಸ. ಕರುಣಾ ಭಟ್ಟಾಚಾರ್ಯರು ನಾಯಕರು. ತಂಡದಲ್ಲಿ ಹಿಂದೂಗಳೂ ಮುಸಲ್ಮಾನರೂ ಆಂಗ್ಲೋ-ಇಂಡಿಯನ್ನರೂ ಇದ್ದರು, ಬಹುಮಂದಿ ಬರಿಗಾಲಿನವರು. ಅಲ್ಲಿನ ರಾಷ್ಟ್ರೀಯ ತಂಡದೊಡನೆ ಐದು ಪಂದ್ಯಗಳು ನಡೆದುವು. ಸೆಪ್ಟೆಂಬರ್ ೩ರಂದು ಸಿಡ್ನಿಯಲ್ಲಿ ಮೊದಲನೆಯದು: ಆಸ್ಟ್ರೇಲಿಯಕ್ಕೆ ಐದು, ನಮಗೆ ಮೂರು. ಬ್ರಿಸ್ಬೇನಿನಲ್ಲಿ ಎರಡನೆಯದು: ನಾಲ್ಕಕ್ಕೆ ನಾಲ್ಕು, ಸಮ. ನ್ಯೂಕ್ಯಾಸಲ್ಲಿನಲ್ಲಿ ಮೂರನೆಯದು: ನಮಗೆ ನಾಲ್ಕು, ಅವರಿಗೆ ಒಂದು. ಮತ್ತೆ ಸಿಡ್ನಿಯಲ್ಲಿ ನಾಲ್ಕನೆಯದು: ಅವರಿಗೆ ಐದು, ನಮಗೆ ನಾಲ್ಕು. ಅಕ್ಟೋಬರ್ ೧ರಂದು ಮೆಲ್ಬರ್ನಿನಲ್ಲಿ ಕಡೆಯದು: ಅವರಿಗೆ ಮೂರು, ನಮಗೆ ಒಂದು. ಕೂಡಿಸಿ ನೋಡಿದರೆ ಐದು ಪಂದ್ಯಗಳಲ್ಲಿ ಅವರ ಗೋಲುಗಳು ಹದಿನೆಂಟು, ನಮ್ಮವು ಹದಿನಾರು. ಸೋಲೆಂದರೂ ನಾಚಬೇಕಾದ ಸೋಲಲ್ಲ.

ಇದರಲ್ಲಿ ಒಂದು ವಿಚಿತ್ರವುಂಟು. ಆಸ್ಟ್ರೇಲಿಯದವರು ಈ ಐದನ್ನೂ ತಮ್ಮ ರಾಷ್ಟ್ರೀಯ ತಂಡದ ಪಂದ್ಯಗಳೆಂದೇ ಎಣಿಸಿ, ಆಡಿದವರ ಹೆಸರುಗಳನ್ನು ಕ್ರಮವಾದ ಪಟ್ಟಿಯಲ್ಲಿ ಏರಿಸಿಕೊಂಡಿದ್ದಾರೆ. ನಮ್ಮಲ್ಲಾದರೋ ಲೆಕ್ಕ ಸಾಮಾನ್ಯವಾಗಿ ೧೯೪೮ರಿಂದಲೇ ಮೊದಲಾಗುತ್ತದೆ. ಒಂದೇ ಮೈದಾನ, ಒಂದೇ ಚೆಂಡು, ಒಂದೇ ಶಿಳ್ಳೆ. ಒಂದು ಕಡೆಯ ಹನ್ನೊಂದು ಜನರಿಗೆ ಅದು ಅಧಿಕೃತ, ಇನ್ನೊಂದು ಕಡೆಯ ಹನ್ನೊಂದು ಜನರಿಗೆ ಅನಧಿಕೃತ! ಮದುವೆಯ ಮನೆಯಲ್ಲಿ ಗಂಡಿನ ಕಡೆಯವರು ಮದುವೆಯಾಯಿತೆಂದೂ ಹೆಣ್ಣಿನ ಕಡೆಯವರು ಇನ್ನೂ ಮಾತುಕತೆಯಷ್ಟೇ ಆಗಿದೆಯೆಂದೂ ಹೇಳಿದಂತಾಯಿತು. ಇಂಥ ಗೊಂದಲ ನಮಗೊಬ್ಬರಿಗೇ ಮೀಸಲಲ್ಲ. ೧೯೫೧ರ ಜೂನ್ ೩೦ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯವನ್ನು ಹದಿನೇಳು ಗೋಲುಗಳಿಂದ ಸೋಲಿಸಿದ ಆಂಗ್ಲರ ತಂಡವನ್ನು ಇಂಗ್ಲೆಂಡು ತನ್ನ ಪೂರ್ಣ ರಾಷ್ಟ್ರೀಯ ತಂಡವೆಂದು ಎಣಿಸುವುದೇ ಇಲ್ಲ. ಅಷ್ಟು ದೊಡ್ಡ ಗೆಲುವು ಗೆದ್ದವರ ಪುಸ್ತಕದಲ್ಲಿಯೇ ಜಾಗವಿಲ್ಲದೆ ಹೊರಗೆ ನಿಂತಿದೆ.

ಸ್ವತಂತ್ರ ಭಾರತದ ಮೊದಲ ದೊಡ್ಡ ಪಂದ್ಯಕ್ಕೂ ಇದೇ ಗತಿ. ೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡ್ ಎಂಬಲ್ಲಿ, ಭಾರತ ಫ್ರಾನ್ಸಿನೊಡನೆ ಆಡಿತು. ನಾಗಾ ಜನಾಂಗದ ತಾಲಿಮೆರೆನ್ ಆವೋ ನಾಯಕರು, ವೈದ್ಯವಿದ್ಯೆ ಕಲಿತವರು. ನಮ್ಮ ಹನ್ನೊಂದು ಜನರಲ್ಲಿ ಎಂಟು ಜನ ಬರಿಗಾಲಿನವರು. ಮೊದಲು ಫ್ರಾನ್ಸು ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ನರು ಅದನ್ನು ಸರಿಗಟ್ಟಿದರು. ಎರಡು ಪೆನಾಲ್ಟಿಗಳು ನಮಗೆ ದೊರೆತು ಎರಡೂ ವ್ಯರ್ಥವಾದುವು. ಇನ್ನೇನು ಆಟ ಮುಗಿಯಿತೆನ್ನುವಾಗ ಫ್ರಾನ್ಸು ಇನ್ನೊಂದು ಹೊಡೆದು ಗೆದ್ದಿತು. ಬೂಟ್ಸೇಕೆ ಹಾಕುವುದಿಲ್ಲವೆಂದು ಕೇಳಿದವರಿಗೆ ಆವೋ ಅವರು, ನಾವಾಡುವುದು ಫುಟ್‌ಬಾಲು, ನೀವಾಡುವುದು ಬೂಟ್‌ಬಾಲು ಎಂಬರ್ಥದ ಚಾಟೂಕ್ತಿಯನ್ನು ಹೇಳಿದರೆಂದು ಪ್ರತೀತಿಯುಂಟು. ನಮಗೆ ಈ ಪಂದ್ಯವೇ ಚರಿತ್ರೆಯ ಮೊದಲ ಪುಟ. ಆದರೆ ಫ್ರಾನ್ಸಿನವರು ಕಳುಹಿಸಿದ್ದುದು ಹವ್ಯಾಸಿಗಳ ತಂಡ. ಆದುದರಿಂದ ಅವರು ಇದನ್ನು ತಮ್ಮ ಪ್ರಧಾನ ತಂಡದ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ. ಹತ್ತು ವರ್ಷಗಳ ಹಿಂದೆ ಆಸ್ಟ್ರೇಲಿಯದಲ್ಲಿ ಆದುದಕ್ಕೆ ಇದು ವಿಪರ್ಯಯ. ಅದೇ ಪ್ರವಾಸದಲ್ಲಿ ನಮ್ಮವರು ಹಾಲೆಂಡಿಗೆ ಹೋಗಿ ಆಮ್‌ಸ್ಟರ್‌ಡಾಮಿನ ಆಯಾಕ್ಸ್ ಎಂಬ ಹೆಸರಾಂತ ಕ್ಲಬ್ಬನ್ನು ಸೋಲಿಸಿದರು. ಕ್ಲಬ್ಬಿನೊಡನೆ ಆಡಿದುದರಿಂದ ಅದೂ ಲೆಕ್ಕಕ್ಕಿಲ್ಲ.

ರಾಮನ್ನರ ಹೆಸರು ಬಂದ ಮೇಲೆ ಕನ್ನಡ ನಾಡಿನ ಮಾತನ್ನು ಎರಡು ವಾಕ್ಯಗಳಲ್ಲಾದರೂ ಹೇಳದಿದ್ದರೆ ನನಗೆ ತೃಪ್ತಿಯಾಗದು. ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯವು ನಮಗೆ ಹತ್ತು ಗೋಲುಗಳನ್ನು ಹೊಡೆದಾಗ ನಮ್ಮ ಕಡೆಯಿಂದ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುಂದಾಳುಗಳನ್ನು ಜನರು ಪಂಚಪಾಂಡವರೆಂದು ಕರೆಯುತ್ತಿದ್ದರು. ಖಾನರು ಆ ಐವರಲ್ಲಿ ಒಬ್ಬರು. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ ಗೋಲುಗಳು ಬೆಂಗಳೂರಿನವರ ಕಾಲಿನಿಂದ ಬಂದುವೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಇಷ್ಟು ಹೊತ್ತು ದೇಶದ ಮಾತಾಯಿತು. ಇನ್ನು ಮನೆಯ ಮಾತು. ನನ್ನ ಚಿಕ್ಕಪ್ಪನವರು ತಾರುಣ್ಯದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು ಅಲ್ಲಿನ ತಂಡದಲ್ಲಿ ಆಡುತ್ತಿದ್ದರು. ೧೯೫೦ರ ದಶಕದಲ್ಲಿ ಹೊರದೇಶದ ತಂಡವೊಂದು ಪ್ರವಾಸ ಬಂದಾಗ, ಅದಕ್ಕೆ ಎದುರಾಗಿ ಆಯ್ದ ಹನ್ನೊಂದು ಜನರಲ್ಲಿ ಅವರೂ ಒಬ್ಬರಾದರು. ಆಡಿದ್ದು ಅದೊಂದೇ ಪಂದ್ಯ. ನಮ್ಮ ತಾತನವರ ಮಟ್ಟಿಗೆ ಚೆಂಡಾಟವೆಂದರೆ ಕೂಳಿಗೆ ದಾರಿಯಲ್ಲದ ಕಸುಬು. ಆದುದರಿಂದ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಚಿಕ್ಕಪ್ಪನವರೂ ಹೇಳಿಕೊಂಡವರಲ್ಲ. ಅವರು ಕಾಲವಾದ ಮೇಲೆ, ಹನ್ನೆರಡು ವರ್ಷಗಳ ಹಿಂದೆ, ಟ್ರಂಕಿನ ತಳದಲ್ಲಿ ಆ ತಂಡದ ಭಾವಚಿತ್ರ ದೊರೆಯಿತು. ಮಗನು ಅದಕ್ಕೆ ಕಟ್ಟು ಹಾಕಿಸಿ, ಕೆಳಗೆ ‘ಭಾರತದ ಪರವಾಗಿ ಆಡಿದವರು’ ಎಂದು ಬರೆಸಬೇಕೆಂದನು. ಅಳಿಯನು ಬ್ಯಾಂಕಿನ ನೌಕರ, ಲೆಕ್ಕದಲ್ಲಿ ಖಂಡಿತವಾದಿ. ಅವನು ಎಲ್ಲಿಂದಲೋ ಪಟ್ಟಿಗಳನ್ನು ತೆಗೆಸಿ ನೋಡಿ, “ಭಾವ, ಮಾವನವರ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ. ಆ ಪಂದ್ಯವೇ ಅಧಿಕೃತವಲ್ಲ. ಇಲ್ಲದ್ದನ್ನು ಬರೆಸಿದರೆ ಸುಳ್ಳಾಗುವುದಿಲ್ಲವೆ?” ಎಂದನು. ಮಾತು ಬೆಳೆಯಿತು. ಮೂಲೆಯಲ್ಲಿ ಕುಳಿತಿದ್ದ ಚಿಕ್ಕಮ್ಮನವರು ಎಲ್ಲವನ್ನೂ ಕೇಳುತ್ತಿದ್ದರು. ಮರುದಿನ ಬೆಳಗ್ಗೆ ನನಗೆ ಕಾಫಿ ತಂದುಕೊಟ್ಟು, “ಹಾಗಾದರೆ ನಿಮ್ಮ ಚಿಕ್ಕಪ್ಪ ಆಡಲೇ ಇಲ್ಲವೇನಪ್ಪ?” ಎಂದು ಕೇಳಿದರು.

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಮಗನಿಗೆ ಹೌದೆನ್ನುವುದೂ ಅಳಿಯನಿಗೆ ಹೌದೆನ್ನುವುದೂ ಸುಲಭ. ಚಿಕ್ಕಮ್ಮನವರಿಗೆ ಉತ್ತರ ಹೇಳುವುದು ಸುಲಭವಲ್ಲ. ಆದುದರಿಂದ ನಮ್ಮವರು ಆಡಿದ ಇಂಥ ಆಟಗಳ ವೃತ್ತಾಂತವನ್ನು ಇನ್ನಷ್ಟು ಹುಡುಕಿ ಓದತೊಡಗಿದೆನು.

ಓದುತ್ತ ಹೋದಂತೆ ಮೊದಲು ಕಂಡುದು, ಲೆಕ್ಕದ ಹೊರಗಿನದನ್ನೆಲ್ಲ ನಂಬಿಬಿಡುವುದೂ ಅಪಾಯವೆಂಬುದು. ೧೯೫೦ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತಕ್ಕೆ ಸ್ಥಾನ ದೊರೆತಿತ್ತು. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯ, ಫಿಲಿಪೈನ್ಸ್ ದೇಶಗಳು ಹಿಂದೆಗೆದುದರಿಂದ ಆಡದೆಯೇ ದೊರೆತ ಸ್ಥಾನ ಅದು. ನಾವು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಗೊಡುವುದಿಲ್ಲವೆಂದುದರಿಂದ ಹೋಗಲಿಲ್ಲವೆಂಬ ಕಥೆ ದೇಶದ ತುಂಬ ಹರಡಿತು. ಇಂದಿಗೂ ಹಲವರು ಅದನ್ನೇ ಹೇಳುತ್ತಾರೆ. ನಿಜವಾದ ಕಾರಣಗಳು ಸಪ್ಪೆಯಾದುವು: ದೂರದ ಪ್ರಯಾಣ, ಸಿದ್ಧತೆಗೆ ಕಾಲ ಸಾಲದೆಂಬ ಅಳುಕು, ಆಟಗಾರರ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಒಲಿಂಪಿಕ್ಸೇ ದೊಡ್ಡದೆಂಬ ಭಾವನೆ. ಆಡದ ಪಂದ್ಯಕ್ಕೆ ಇಷ್ಟು ಸೊಗಸಾದ ಕಥೆ ಹುಟ್ಟಿತು. ಸಿಡ್ನಿಯಲ್ಲಿಯೂ ನ್ಯೂಕ್ಯಾಸಲ್ಲಿನಲ್ಲಿಯೂ ಆಡಿದ ಪಂದ್ಯಗಳನ್ನು ಕೇಳುವವರಿಲ್ಲ. ಬರಿಗಾಲು ನಮಗೆ ಹೆಮ್ಮೆಯೂ ಆಗಿತ್ತು, ಕೊರತೆಯೂ ಆಗಿತ್ತು. ಹೆಲ್ಸಿಂಕಿಯ ಸೋಲಿನ ತರುವಾಯವೇ ಒಕ್ಕೂಟದವರು ಬೂಟ್ಸನ್ನು ಕಡ್ಡಾಯ ಮಾಡಿದುದು.

ಅದಾದ ಮೇಲೆ ಬಂದುದು ನಮ್ಮ ಕಾಲ್ಚೆಂಡಿನ ಸುವರ್ಣಯುಗ. ೧೯೫೧ರಲ್ಲಿ ದೆಹಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನವನ್ನು ಗೆದ್ದಿದ್ದೆವು. ೧೯೫೫ರಲ್ಲಿ ಸೋವಿಯತ್ ತಂಡ ಭಾರತಕ್ಕೆ ಬಂದು ಊರೂರು ಸುತ್ತಿ ಆಡಿತು. ಅದೇ ವರ್ಷ ನಮ್ಮವರು ಅಲ್ಲಿಗೆ ಹೋಗಿ, ಸೆಪ್ಟೆಂಬರ್ ೧೬ರಂದು ಮಾಸ್ಕೋದಲ್ಲಿ ಹನ್ನೊಂದಕ್ಕೆ ಒಂದರಂತೆ ಸೋತರು. ಮರುವರ್ಷ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಅಲ್ಲಿ ಡಿಸೆಂಬರ್ ೧ರಂದು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡರಂತೆ ಸೋಲಿಸಿದುದೂ, ನೆವಿಲ್ ಡಿಸೋಜರು ಮೂರು ಗೋಲುಗಳನ್ನು ಹೊಡೆದುದೂ ಆಟದಲ್ಲಿ ಆಸಕ್ತಿಯುಳ್ಳವರಿಗೆಲ್ಲ ಬಾಯಿಪಾಠ. ಆದರೆ ಹನ್ನೊಂದು ದಿನಗಳ ಮೇಲೆ, ಪದಕದ ಗದ್ದಲವೆಲ್ಲ ಮುಗಿದ ತರುವಾಯ, ಸಿಡ್ನಿಯಲ್ಲಿ ಅದೇ ಆಸ್ಟ್ರೇಲಿಯದೊಡನೆ ಮತ್ತೊಮ್ಮೆ ಆಡಿ ಏಳಕ್ಕೆ ಒಂದರಂತೆ ಗೆದ್ದುದನ್ನು ಬಲ್ಲವರು ವಿರಳ. ಸೋತದ್ದನ್ನು ಮುಚ್ಚಿಡಬೇಕಾಗಿಲ್ಲ, ಗೆದ್ದದ್ದನ್ನು ಮರೆಯಬೇಕಾಗಿಯೂ ಇಲ್ಲ.

ಸದಸ್ಯತ್ವವಿಲ್ಲದವರ ಆಟ ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಹೇಳದೆ ಮುಂದುವರಿಯಲಾರೆ. ೧೯೫೮ರ ಏಪ್ರಿಲಿನಲ್ಲಿ ಫ್ರಾನ್ಸಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಆಲ್ಜೀರಿಯದ ಕೆಲವು ಆಟಗಾರರು ಗುಟ್ಟಾಗಿ ದೇಶ ಬಿಟ್ಟು ಟ್ಯೂನಿಸ್ ನಗರವನ್ನು ಸೇರಿದರು. ಅವರಲ್ಲಿ ರಷೀದ್ ಮೆಖ್ಲೂಫಿ, ಮುಸ್ತಫಾ ಜಿತೂನಿ ಇಂಥವರು ಇದ್ದರು. ಆ ಬೇಸಗೆಯ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಪರವಾಗಿ ಆಡುವ ಅವಕಾಶ ಕೈಗೆ ಎಟುಕುವಂತಿತ್ತು. ಅದನ್ನು ಬಿಟ್ಟು, ಇನ್ನೂ ಹುಟ್ಟದಿದ್ದ ತಮ್ಮ ದೇಶದ ಹೆಸರಿನಲ್ಲಿ ನಾಲ್ಕು ವರ್ಷ ಊರೂರು ಅಲೆದು ಆಡಿದರು. ಈ ತಂಡದೊಡನೆ ಆಡಿದವರಿಗೆ ದಂಡನೆ ತಪ್ಪದೆಂದು ಫೀಫಾ ಎಚ್ಚರಿಸಿತು. ಆದರೂ ಪೂರ್ವ ಯೂರೋಪಿನಲ್ಲಿಯೂ ಅರಬರ ನಾಡುಗಳಲ್ಲಿಯೂ ಚೀನ, ವಿಯೆಟ್ನಾಮುಗಳಲ್ಲಿಯೂ ಅವರಿಗೆ ಮೈದಾನಗಳು ತೆರೆದುವು. ೧೯೬೨ರಲ್ಲಿ ಆಲ್ಜೀರಿಯ ಸ್ವತಂತ್ರವಾಯಿತು. ಏಕಲವ್ಯನಿಗೆ ಗುರುಕುಲದ ಅಧಿಕಾರವಿರಲಿಲ್ಲ. ಬಿಲ್ವಿದ್ಯೆಯೂ ಇರಲಿಲ್ಲವೆಂದು ವ್ಯಾಸರು ಬರೆಯಲಿಲ್ಲವಷ್ಟೆ.

ನಮ್ಮ ದೇಶದ ಹೆಣ್ಣುಮಕ್ಕಳ ಆಟವೂ ಹೀಗೆಯೇ ಹೊರಬಾಗಿಲಲ್ಲಿ ನಿಂತು ಬೆಳೆಯಿತು. ೧೯೭೦ರ ದಶಕದಲ್ಲಿ ಅವರಿಗೆ ಬೇರೆಯೇ ಒಂದು ಒಕ್ಕೂಟವಿತ್ತು. ದೊಡ್ಡ ಸಂಸ್ಥೆಗಳು ಅವರನ್ನು ತಮ್ಮವರೆಂದು ಎಣಿಸುತ್ತಿರಲಿಲ್ಲ. ೧೯೮೦ರಲ್ಲಿ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾದ ಪಂದ್ಯಾವಳಿಯಲ್ಲಿಯೂ ೧೯೮೩ರಲ್ಲಿ ಬ್ಯಾಂಕಾಕಿನಲ್ಲಿಯೂ ಭಾರತದ ವನಿತೆಯರು ಎರಡನೆಯ ಸ್ಥಾನವನ್ನು ಪಡೆದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಕಾಲದ ಹೆಸರಾದ ಆಟಗಾರ್ತಿಯರಲ್ಲಿ ಒಬ್ಬರು. ಫೀಫಾದ ಮೊದಲ ವನಿತಾ ವಿಶ್ವಕಪ್ಪು ನಡೆದುದು ೧೯೯೧ರಲ್ಲಿ. ಬಾಗಿಲು ತೆರೆಯುವ ವೇಳೆಗೆ, ಬಾಗಿಲನ್ನು ತಟ್ಟಿ ತಟ್ಟಿ ಕೈ ನೋಯಿಸಿಕೊಂಡವರ ಆಟದ ವಯಸ್ಸು ಕಳೆದಿತ್ತು. ಇವರನ್ನು 'ಅನಧಿಕೃತರು' ಎಂದು ಕರೆಯುವಾಗ ನಾಲಗೆ ಸ್ವಲ್ಪ ತಡವರಿಸಬೇಕು.

ಇತ್ತೀಚಿನ ಕಾಲದಲ್ಲಿ ಇಂಥ ಪಂದ್ಯಗಳ ಬಗೆಯೇ ಬೇರೆಯಾಗಿದೆ. ೧೯೮೨ರಲ್ಲಿ ಕಲ್ಕತ್ತೆಯಲ್ಲಿ ಮೊದಲಾದ ನೆಹರೂ ಕಪ್ಪಿಗೆ ಹಲವು ದೇಶಗಳವರು ಒಮ್ಮೊಮ್ಮೆ ತಮ್ಮ ಎರಡನೆಯ ಸಾಲಿನ ತಂಡಗಳನ್ನು ಕಳುಹಿಸುತ್ತಿದ್ದರು. ೨೦೧೨ರಲ್ಲಿ ದೆಹಲಿಯಲ್ಲಿ ಕ್ಯಾಮರೂನಿನವರನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ನಾವು ಆ ಕಪ್ಪನ್ನು ಗೆದ್ದಾಗಲೂ, ಎದುರಿಗಿದ್ದುದು ಅವರ ಪ್ರಧಾನ ತಂಡವಲ್ಲ. ಅದೇ ವರ್ಷದ ಜನವರಿಯಲ್ಲಿ ಬೈಚುಂಗ್ ಭುಟಿಯಾ ಅವರ ಬೀಳ್ಕೊಡುಗೆಗೆಂದು ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದವರು ದೆಹಲಿಗೆ ಬಂದು ನಾಲ್ಕು ಗೋಲುಗಳಿಂದ ಗೆದ್ದು ಹೋದರು. ದೇಶಕ್ಕಾಗಿ ವರ್ಷಗಟ್ಟಲೆ ದುಡಿದ ನಾಯಕನ ಕಡೆಯ ಆಟವೇ ಲೆಕ್ಕಕ್ಕೆ ಸೇರದ ಆಟ! ಅದಕ್ಕಾಗಿ ಅಂದು ಕಣ್ಣೊರಸಿಕೊಂಡ ಜನರ ಕಣ್ಣೀರು ಅನಧಿಕೃತವಾಗಲಿಲ್ಲ.

ಇವೆಲ್ಲವನ್ನೂ ಓದಿದ ಮೇಲೆ ಚಿಕ್ಕಮ್ಮನವರ ಪ್ರಶ್ನೆಗೆ ಉತ್ತರ ನನಗೆ ದೊರೆತುದು ಹಳೆಯ ಶಾಸ್ತ್ರದಲ್ಲಿಯೇ. ಮೀಮಾಂಸಕರಲ್ಲಿ ಭಾಟ್ಟರೂ ವೇದಾಂತಿಗಳೂ ಅನುಪಲಬ್ಧಿಯೆಂಬುದನ್ನು ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯಬಹುದು. ಆದರೆ ಅದಕ್ಕೊಂದು ಕಟ್ಟುಪಾಡುಂಟು: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂತಿರಬೇಕು. ದೀಪವಿರುವ ಕೋಣೆಯಲ್ಲಿ ಕಾಣದ ಗಡಿಗೆ ಇಲ್ಲವೆಂದೇ ಅರ್ಥ. ಕತ್ತಲ ಕೋಣೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆಂದು ಹೇಳಲಾಗದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಅಳಿಯನು ನೋಡಿದ ಪಟ್ಟಿ ಅಧಿಕೃತ ಪಂದ್ಯಗಳನ್ನು ಮಾತ್ರ ಬೆಳಗಿಸುವ ದೀಪ. ಚಿಕ್ಕಪ್ಪನವರ ಪಂದ್ಯ ಆ ಬೆಳಕು ಬೀಳುವ ಕೋಣೆಯಲ್ಲಿರಲಿಲ್ಲ. ಅಲ್ಲಿ ಕಾಣದಿದ್ದುದರಿಂದ ಸಿದ್ಧವಾಗುವುದು ಇಷ್ಟೇ: ಅದು ಅಧಿಕೃತ ಪಂದ್ಯವಲ್ಲ. ಆಡಲಿಲ್ಲವೆಂಬುದು ಸಿದ್ಧವಾಗುವುದಿಲ್ಲ. ಹಾಗೆಯೇ, ಆಡಿದರೆಂಬುದರಿಂದ ಅಧಿಕೃತವಾಗಿ ಭಾರತದ ತಂಡದವರೆಂಬುದೂ ಸಿದ್ಧವಾಗುವುದಿಲ್ಲ. ಮಗನು ಹೇಳಿದುದರಲ್ಲಿ ಒಂದು ಮಾತು ಹೆಚ್ಚಾಗಿತ್ತು. ಅಳಿಯನು ಹೇಳಿದುದರಲ್ಲಿ ಒಂದು ಮಾತು ಕಡಮೆಯಾಗಿತ್ತು.

ನಾನು ಇಬ್ಬರನ್ನೂ ಕೂಡಿಸಿ ಹೀಗೆಂದು ಹೇಳಿದೆನು. ಕಡೆಗೆ ಚಿತ್ರದ ಕೆಳಗೆ ಬರೆಸಿದುದು ಬಿರುದನ್ನಲ್ಲ, ವೃತ್ತಾಂತವನ್ನು: ವರ್ಷ, ಮೈದಾನ, ಎದುರು ತಂಡದ ಹೆಸರು, ನಾವು ಸೋತ ಗೋಲುಗಳ ಸಂಖ್ಯೆ, ಎಡಗಡೆಯ ಬ್ಯಾಕಾಗಿ ಆಡಿದರೆಂಬುದು. ಬರೆದುದನ್ನು ಚಿಕ್ಕಮ್ಮನವರಿಗೆ ಓದಿ ಹೇಳಿದೆನು. ಅವರು ಇನ್ನೊಮ್ಮೆ ಓದಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿನ ಮಳೆ ಬಂದಿತ್ತು ಕಣಪ್ಪ. ಬಟ್ಟೆಯೆಲ್ಲ ಕೆಸರು ಮಾಡಿಕೊಂಡು ಬಂದಿದ್ದರು. ಅದನ್ನೂ ಬರೆಸು” ಎಂದರು. ಬರೆಸಿದೆವು. ಅಳಿಯನು ಮರುಮಾತಾಡಲಿಲ್ಲ. ಯಾವ ಸಂಸ್ಥೆಯ ಪಟ್ಟಿಯೂ ಕೊಡಲಾರದ ಸಾಕ್ಷ್ಯವನ್ನು, ಅರವತ್ತು ವರ್ಷಗಳ ಹಿಂದೆ ಆ ಕೆಸರನ್ನು ಒಗೆದ ಕೈ ಕೊಟ್ಟಿತ್ತು.

ನಮ್ಮ ಹಿರಿಯರು ಚರಿತ್ರೆಗೆ ಇತಿಹಾಸವೆಂದು ಹೆಸರಿಟ್ಟರು. ಇತಿ, ಹ, ಆಸ ಎಂದು ಪದವನ್ನು ಬಿಡಿಸಿದರೆ ‘ಹೀಗೆಯೇ ಇದ್ದಿತು’ ಎಂದರ್ಥ. ಯಾರು ಒಪ್ಪಿದರು, ಯಾರು ಮೊಹರು ಹಾಕಿದರು ಎಂಬುದು ಆ ಪದದೊಳಗಿಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕೆಂಬ ನಿಯಮ ಮಾತ್ರ ಉಂಟು. ದೊಡ್ಡ ಸಂಸ್ಥೆಗಳು ತಮ್ಮ ಲೆಕ್ಕವನ್ನು ತಾವು ಬರೆದುಕೊಳ್ಳಲಿ. ಅದು ಅವುಗಳ ಧರ್ಮ. ಆದರೆ ಹೊರಗುಳಿದುದನ್ನು ಬರೆದಿಡುವ ಕೆಲಸ ಮನೆಗಳದು, ಊರುಗಳದು. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿದ್ದಾರೆ, ಸಂತೋಷವೇ. ಅದೇ ಬೀದಿಗಳಲ್ಲಿ ಬರಿಗಾಲಿನಲ್ಲಿ ಬೆಳೆದವರ ಕಥೆಗಳನ್ನೂ ಯಾರಾದರೂ ಕುಳಿತು ಕೇಳಿ ಬರೆದುಕೊಂಡರೆ ಸಂತೋಷ ಇಮ್ಮಡಿಯಾದೀತು. ೨೦೨೩ರ ಮಾರ್ಚಿಯಲ್ಲಿ ಕರ್ನಾಟಕದ ಹುಡುಗರು ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ ಐವತ್ತನಾಲ್ಕು ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮನೆಗೆ ತಂದರು. ಆ ಗೆಲುವಿನ ಹಿಂದೆ, ಯಾವ ಪಟ್ಟಿಗೂ ಏರದ ಎಷ್ಟು ಸಂಜೆಗಳ ಆಟವಿದ್ದಿತೋ ಬಲ್ಲವರಾರು?

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಮನೆಯ ಟ್ರಂಕಿನ ತಳದಲ್ಲಿಯೂ ಇಂಥ ಚಿತ್ರವೊಂದು ಇರಬಹುದು: ಆಟದ್ದೋ, ನಾಟಕದ್ದೋ, ಸತ್ಯಾಗ್ರಹದ್ದೋ. ಅದರಲ್ಲಿರುವವರನ್ನು ಕಂಡವರು ಇನ್ನೂ ಬದುಕಿರುವಾಗಲೇ ಅದನ್ನು ಹೊರಗೆ ತೆಗೆದು, ಹೆಸರುಗಳನ್ನು ಕೇಳಿ ಹಿಂಬದಿಯಲ್ಲಿ ಬರೆಯಿರಿ. ಹೆಚ್ಚು ಬರೆಯಬೇಡಿ, ಕಡಮೆಯನ್ನೂ ಬರೆಯಬೇಡಿ. ಮಳೆ ಬಂದಿದ್ದರೆ ಮಳೆ ಬಂದಿತ್ತೆಂದು ಬರೆಯಿರಿ.